ವಿ.ಪಿ. ಮಾಧವರಾಯರು: ಪೊಲೀಸ್ ಇಲಾಖೆಯಿಂದ ದಿವಾನಗಿರಿಗೆ

ಸ್ವತಂತ್ರ ಭಾರತದಲ್ಲಿ ಹಿರಿಯ ಪೊಲೀಸ್ ಅಧಿಕಾರಿಗಳು ನಿವೃತ್ತಿಯ ಬಳಿಕ ರಾಜ್ಯಪಾಲರಾದ ನಿದರ್ಶನಗಳು ಹಲವಿವೆ. ಕೇಂದ್ರ ಗುಪ್ತಚರ ಇಲಾಖೆಯ ನಿರ್ದೇಶಕರಾಗಿದ್ದ ಟಿ.ವಿ. ರಾಜೇಶ್ವರ್ ಅವರು ಸಿಕ್ಕಿಂ, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶಗಳ ರಾಜ್ಯಪಾಲರಾಗಿದ್ದುದು ಅವುಗಳಲ್ಲೊಂದು. ಇದಕ್ಕೆ ಬಹು ಹಿಂದೆಯೇ ಮೈಸೂರು ಸಂಸ್ಥಾನದಲ್ಲಿ ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿದ್ದವರೊಬ್ಬರು ದಿವಾನ ಪದವಿಗೇರಿದ್ದರು. ರಾಜ್ಯಪಾಲರ ಪದವಿ ಬಹುಮಟ್ಟಿಗೆ ಗೌರವದ್ದು, ದಿವಾನರದು ಹಾಗಲ್ಲ. ಮಹಾರಾಜರ ಹೆಸರಿನಲ್ಲಿ ಇಡೀ ಆಡಳಿತವನ್ನು ನಡೆಸುವ ಹೊಣೆ ಅವರದಾಗಿತ್ತು. ಆ ಹೊಣೆಯನ್ನು ಹೊತ್ತವರು ವಿ.ಪಿ. ಮಾಧವರಾಯರು. ಮೈಸೂರಿಗೆ ನ್ಯಾಯವಿಧಾಯಕ ಸಭೆಯನ್ನು ತಂದುಕೊಟ್ಟವರು ಅವರೇ. ಮರುವರ್ಷವೇ ಕನ್ನಡ ಪತ್ರಿಕೆಗಳ ಬಾಯಿ ಕಟ್ಟಿದ ಶಾಸನವನ್ನು ತಂದವರೂ ಅವರೇ. ಒಬ್ಬನೇ ವ್ಯಕ್ತಿಯ ಕಾಲದಲ್ಲಿ ಇವೆರಡೂ ಹೇಗೆ ಕೂಡಿಬಂದವು ಎಂಬುದು ಅವರ ಜೀವನವನ್ನು ಪರಿಶೀಲಿಸುವವರು ಎದುರಿಸಲೇಬೇಕಾದ ಪ್ರಶ್ನೆ.

ಮಾಧವರಾಯರು 1850ರಲ್ಲಿ ಕುಂಭಕೋಣದಲ್ಲಿ ಜನಿಸಿದರು. ಅವರದು ತಂಜಾವೂರು ಸೀಮೆಯಲ್ಲಿ ನೆಲೆಸಿದ್ದ ಮರಾಠಿ ಮಾತಿನ ಮನೆತನ. ಕುಂಭಕೋಣದ ಕಾಲೇಜಿನಲ್ಲಿ ಪೋರ್ಟರ್ ಎಂಬ ಪ್ರಸಿದ್ಧ ಅಧ್ಯಾಪಕರ ಶಿಷ್ಯರಾಗಿ ಪದವಿ ಪಡೆದರು. ಮೈಸೂರು ಇನ್ನೂ ಕಮೀಷನರ ಆಳ್ವಿಕೆಯಲ್ಲಿದ್ದ ದಿನಗಳಲ್ಲಿ ಇಲ್ಲಿಗೆ ಬಂದು, ಮೊದಲು ಉಪಾಧ್ಯಾಯ ವೃತ್ತಿಯಲ್ಲಿ ತೊಡಗಿದರು. ಮುಂದೆ ಸರ್ಕಾರಿ ಅಭಿಯೋಜಕರಾದರು. ಶಿವಮೊಗ್ಗದ ಡೆಪ್ಯುಟಿ ಕಮೀಷನರಾದರು. 1890ರ ದಶಕದಲ್ಲಿ ಸಂಸ್ಥಾನದ ಪೊಲೀಸ್ ಇನ್ಸ್‌ಪೆಕ್ಟರ್ ಜನರಲ್ ಪದವಿಗೇರಿದರು. ಶಾಲೆ, ನ್ಯಾಯಾಲಯ, ಜಿಲ್ಲಾ ಕಚೇರಿ, ಪೊಲೀಸು, ಹೀಗೆ ಸರ್ಕಾರವು ಪ್ರಜೆಯನ್ನು ಎದುರುಗೊಳ್ಳುವ ಎಲ್ಲ ಬಾಗಿಲುಗಳಲ್ಲಿಯೂ ಅವರು ನಿಂತಿದ್ದರು. ಆದರೆ ಅವರು ನಿಂತದ್ದು ಯಾವಾಗಲೂ ಬಾಗಿಲಿನ ಒಳಬದಿಯಲ್ಲಿ ಎಂಬುದನ್ನು ಮರೆಯುವಂತಿಲ್ಲ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ರೋಗವನ್ನು ತಡೆಯುವ ಭಾರ ಪ್ಲೇಗ್ ಕಮೀಷನರಾಗಿ ಮಾಧವರಾಯರ ಮೇಲೆ ಬಿತ್ತು. ಮನೆಗಳ ತಪಾಸಣೆ, ರೋಗಿಗಳನ್ನು ಪ್ರತ್ಯೇಕಿಸುವುದು, ಸೋಂಕು ತಗುಲಿದ ಮನೆಗಳನ್ನು ತೆರವು ಮಾಡಿಸಿ ಜನರನ್ನು ಊರಾಚೆಯ ಗುಡಿಸಲುಗಳಿಗೆ ಕಳುಹಿಸುವುದು, ಇವೆಲ್ಲ ಬಲಪ್ರಯೋಗವಿಲ್ಲದೆ ನಡೆಯುವ ಕೆಲಸಗಳಾಗಿರಲಿಲ್ಲ. ಇಂಥ ಕ್ರಮಗಳು ಜನರಲ್ಲಿ ಎಬ್ಬಿಸಿದ ರೋಷದಿಂದಾಗಿಯೇ ಹಿಂದಿನ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡಿಗೆ ಬಲಿಯಾಗಿದ್ದ. ಮೈಸೂರು ಸೀಮೆಯಲ್ಲಿಯೂ ಶ್ರೀರಂಗಪಟ್ಟಣದ ಗಂಜಾಮಿನ ಜನ 1898ರಲ್ಲಿ ದಂಗೆಯೆದ್ದರು. ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬರಲು ಬಯಸಿದವರಿಗೆ ಬಸವನಗುಡಿ ಮತ್ತು ಮಲ್ಲೇಶ್ವರದ ಹೊಸ ಬಡಾವಣೆಗಳು ಆಶ್ರಯವಾದವು. ಪ್ಲೇಗಿನ ದಿನಗಳ ಸೇವೆ ಮಾಧವರಾಯರಿಗೆ ಹೆಸರನ್ನೂ ಸಿ.ಐ.ಇ. ಬಿರುದನ್ನೂ ತಂದಿತು. ಜನರ ಹಿತವನ್ನು ಜನರಿಗಿಂತ ಸರ್ಕಾರವೇ ಚೆನ್ನಾಗಿ ಬಲ್ಲದು ಎಂಬ ಭಾವನೆ ಆ ಕಾಲದ ಯಾವ ದಕ್ಷ ಅಧಿಕಾರಿಯಲ್ಲಿಯೂ ಸಹಜವಾಗಿತ್ತು. ಪ್ಲೇಗಿನ ಅನುಭವ ಅದನ್ನು ಇನ್ನಷ್ಟು ಗಟ್ಟಿಗೊಳಿಸುವಂಥದು.

1904ರಲ್ಲಿ ಅವರು ತಿರುವಾಂಕೂರಿನ ದಿವಾನರಾದರು. ಅದೇ ವರ್ಷದ ಅಕ್ಟೋಬರ್ 22ರಂದು ಅಲ್ಲಿ ಶ್ರೀಮೂಲಂ ಪ್ರಜಾಸಭೆ ಮೊದಲ ಬಾರಿಗೆ ಸೇರಿತು. ಪ್ರಜೆಗಳ ಪ್ರತಿನಿಧಿಗಳು ತಮ್ಮ ಅಹವಾಲುಗಳನ್ನು ದಿವಾನರ ಮುಂದೆ ನೇರವಾಗಿ ಇಡುವ ಆ ಏರ್ಪಾಡಿಗೆ ಮೈಸೂರಿನ ಮಾದರಿ ಕಣ್ಣ ಮುಂದಿತ್ತು. ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯನ್ನು ಮಾಧವರಾಯರು ಎರಡು ದಶಕಗಳ ಕಾಲ ಹತ್ತಿರದಿಂದ ಕಂಡಿದ್ದರು. ಪೊಲೀಸ್ ಮುಖ್ಯಸ್ಥರಾಗಿದ್ದವರು ಜನರ ದೂರುಗಳಿಗೆ ಹೆದರಲಿಲ್ಲ. ಅವುಗಳಿಗೆ ಒಂದು ಸ್ಥಳವನ್ನೂ ಒಂದು ಕ್ರಮವನ್ನೂ ಕಲ್ಪಿಸಿದರು. ಅವರ ರಾಜನೀತಿಯ ಶಕ್ತಿ ಇಲ್ಲಿದೆ. ಅದರ ಮಿತಿಯೂ ಇಲ್ಲಿಯೇ ಇದೆ.

1906ರ ಜೂನ್ 30ರಂದು ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿ ಅವರು ಮೈಸೂರಿಗೆ ಮರಳಿದರು. ಮರುವರ್ಷ ನ್ಯಾಯವಿಧಾಯಕ ಸಭೆ ಅಸ್ತಿತ್ವಕ್ಕೆ ಬಂದಿತು. ಅಲ್ಲಿಯವರೆಗೆ ಪ್ರಜಾಪ್ರತಿನಿಧಿಗಳು ಅಹವಾಲು ಹೇಳಬಹುದಾಗಿತ್ತೇ ಹೊರತು ಶಾಸನ ರಚನೆಯಲ್ಲಿ ಕೈಜೋಡಿಸುವಂತಿರಲಿಲ್ಲ. ಹೊಸ ಸಭೆಯಲ್ಲಿ ಅಧಿಕಾರಿಗಳೊಂದಿಗೆ ಅಧಿಕಾರೇತರರಿಗೂ ಆಸನ ದೊರೆಯಿತು. ಆಯವ್ಯಯವನ್ನು ಚರ್ಚಿಸುವ ಹಕ್ಕು ಆ ಸಭೆಗೆ ಬಂದದ್ದು ಮುಂದೆ ವಿಶ್ವೇಶ್ವರಯ್ಯನವರ ಕಾಲದಲ್ಲಿ. ಆದರೂ ಬಾಗಿಲು ತೆರೆದದ್ದು 1907ರಲ್ಲಿಯೇ.

1908ರಲ್ಲಿ ವೃತ್ತಪತ್ರಿಕೆಗಳ ಶಾಸನ ಬಂದಿತು. ಬಂಗಾಳ ವಿಭಜನೆಯ ನಂತರ ದೇಶದಾದ್ಯಂತ ಎದ್ದಿದ್ದ ಕಾವು, ಆ ವರ್ಷವೇ ಕೇಸರಿಯ ಲೇಖನಗಳಿಗಾಗಿ ತಿಲಕರಿಗಾದ ಸೆರೆವಾಸ, ಸಂಸ್ಥಾನಗಳ ಮೇಲೆ ಸದಾ ಇದ್ದ ಬ್ರಿಟಿಷ್ ಸರ್ಕಾರದ ಕಣ್ಣು, ಇವು ಆ ಶಾಸನದ ಹಿನ್ನೆಲೆ. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರಕ್ಕಿತ್ತು. ಪತ್ರಕರ್ತ ಅಪರಾಧವೆಸಗಿದ ಮೇಲೆ ವಿಚಾರಿಸುವುದು ನ್ಯಾಯಾಲಯದ ರೀತಿ. ಅಪರಾಧ ಸಂಭವಿಸದಂತೆ ಮೊದಲೇ ತಡೆಯುವುದು ಪೊಲೀಸಿನ ರೀತಿ. ಈ ಶಾಸನ ಎರಡನೆಯದನ್ನು ಹಿಡಿಯಿತು. ತಾತಯ್ಯನೆಂದೇ ನಾಡು ಕರೆದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. 1885ರಿಂದ ನಡೆದುಬಂದಿದ್ದ ವೃತ್ತಾಂತ ಚಿಂತಾಮಣಿ ಮುಚ್ಚಿತು. ಕನ್ನಡ ಗದ್ಯ ತನ್ನ ಆಧುನಿಕ ನಡೆಯನ್ನು ಕಲಿಯುತ್ತಿದ್ದ ಕಾಲವದು. ಕಥೆ, ಪ್ರಬಂಧಗಳಿಗಿಂತ ಮೊದಲು ಸಾರ್ವಜನಿಕ ವಾದಕ್ಕೆ ಭಾಷೆಯನ್ನು ಹದಗೊಳಿಸಿದ್ದು ಪತ್ರಿಕೆಗಳ ಅಂಕಣಗಳು. ಆದ್ದರಿಂದ ಆ ನಷ್ಟವನ್ನು ರಾಜಕೀಯದ ಲೆಕ್ಕದಲ್ಲಿ ಮಾತ್ರ ಬರೆಯಲಾಗದು. ಭಾಷೆಯ ಲೆಕ್ಕದಲ್ಲಿಯೂ ಬರೆಯಬೇಕು.

ಸಭೆ ಕಟ್ಟಿದ ಕೈಯೇ ಪತ್ರಿಕೆಯನ್ನು ತಡೆದುದರಲ್ಲಿ ಮೇಲುನೋಟಕ್ಕೆ ವಿರೋಧ ಕಂಡರೂ ಒಳಗೊಂದು ಸಾಂಗತ್ಯವಿದೆ. ಸರ್ಕಾರ ಕರೆದ ದಿನ, ಸರ್ಕಾರ ಕೊಟ್ಟ ಆಸನದಲ್ಲಿ ಕುಳಿತು ಆಡುವ ಮಾತನ್ನು ಮಾಧವರಾಯರು ಗೌರವದಿಂದ ಕೇಳಬಲ್ಲವರಾಗಿದ್ದರು. ಯಾರೂ ಕರೆಯದೆ, ಪ್ರತಿವಾರವೂ ಬೀದಿಯಲ್ಲಿ ಮಾರಾಟವಾಗುವ ಮಾತು ಅವರಿಗೆ ಶಾಂತಿಭಂಗವಾಗಿ ಕಂಡಿತು. ಅವರನ್ನು ಪ್ರಜಾಪೀಡಕರೆನ್ನುವುದು ಅನ್ಯಾಯ. ಪ್ರಜಾಪ್ರಭುತ್ವವಾದಿಯೆಂದು ಹೊಗಳುವುದು ಅರ್ಧಸತ್ಯ.

1909ರ ಮಾರ್ಚ್ 31ರಂದು ಅವರ ಮೈಸೂರಿನ ದಿವಾನಗಿರಿ ಕೊನೆಗೊಂಡಿತು. 1914ರಿಂದ 1916ರವರೆಗೆ ಬರೋಡೆಯ ದಿವಾನರಾಗಿದ್ದರು. ಮೂರು ಸಂಸ್ಥಾನಗಳ ಚುಕ್ಕಾಣಿ ಹಿಡಿದ ಬಳಿಕ, ಎಪ್ಪತ್ತರ ಹೊಸ್ತಿಲಲ್ಲಿ, ಅವರು ಬಾಗಿಲಿನ ಹೊರಬದಿಗೆ ಬಂದರು. 1919ರಲ್ಲಿ ಭಾರತದ ಸುಧಾರಣಾ ಮಸೂದೆ ಪಾರ್ಲಿಮೆಂಟಿನ ಜಂಟಿ ಸಮಿತಿಯ ಮುಂದಿದ್ದಾಗ, ಕಾಂಗ್ರೆಸ್ಸಿನ ಪರವಾಗಿ ವಿಠ್ಠಲಭಾಯಿ ಪಟೇಲರೊಡನೆ ಲಂಡನ್ನಿನಲ್ಲಿ ಸಾಕ್ಷ್ಯ ನುಡಿದವರಲ್ಲಿ ಮಾಧವರಾಯರೂ ಒಬ್ಬರು. ಹನ್ನೊಂದು ವರ್ಷಗಳ ಹಿಂದೆ ಸೆರೆ ಸೇರಿದ್ದ ತಿಲಕರು ಅದೇ ಸಮಿತಿಯ ಮುಂದೆ ಹೋಂರೂಲ್ ಪಕ್ಷದಿಂದ ಹಾಜರಿದ್ದರು. ಅನುಮತಿ ಕೊಡುವ ಸ್ಥಾನದಲ್ಲಿದ್ದವರು ಹಕ್ಕು ಕೇಳುವವರ ಸಾಲಿನಲ್ಲಿ ನಿಂತದ್ದು ಅವರ ಜೀವನದ ಸಣ್ಣ ತಿರುವಲ್ಲ.

ವೆಂಕಟಕೃಷ್ಣಯ್ಯನವರು 1933ರಲ್ಲಿ, ಮಾಧವರಾಯರು 1934ರಲ್ಲಿ ಕಾಲವಶರಾದರು. ಮಾಧವರಾಯರ ಕಾಲದ ನ್ಯಾಯವಿಧಾಯಕ ಸಭೆಯ ಪರಂಪರೆ ಇಂದಿನ ಕರ್ನಾಟಕ ವಿಧಾನ ಪರಿಷತ್ತಿನವರೆಗೆ ಮುಂದುವರಿದಿದೆ. ಅವರ ಶಾಸನದಿಂದ ನಿಂತುಹೋದ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಇಂದಿನ ಸಂಶೋಧಕರು ಹುಡುಕಿ ಓದಬೇಕಾಗಿದೆ. ಅವರ ದಿವಾನಗಿರಿಯ ಬೆಲೆ ಕಟ್ಟುವವರು ಈ ಎರಡು ದಾಖಲೆಗಳನ್ನೂ ಒಟ್ಟಿಗೆ ಮುಂದಿರಿಸಿಕೊಳ್ಳುವುದು ಅವಶ್ಯಕ.