ಶೋಕವನ್ನು ಕಾಯಕಕ್ಕೆ ಒಪ್ಪಿಸಿದ ನಟ ಚಾರ್ಲಿ ಚಾಪ್ಲಿನ್

ಕಾಯಕವನ್ನು ನಾವು ಸಾಮಾನ್ಯವಾಗಿ ಜೀವನೋಪಾಯ ಮತ್ತು ದಾಸೋಹದ ನೆಲೆಯಲ್ಲಿ ಚಿಂತಿಸುತ್ತೇವೆ. ಆಪ್ತರನ್ನು ಕಳೆದುಕೊಂಡ ಮನೆಯಲ್ಲಿ ಕಾಯಕವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಮೂಕಿಚಿತ್ರಗಳಿಂದ ಲೋಕವನ್ನೇ ನಗಿಸಿದ ಚಾರ್ಲಿ ಚಾಪ್ಲಿನ್ ಅವರ ಜೀವನದಲ್ಲಿ ಈ ಪ್ರಶ್ನೆಗೆ ಸ್ವಲ್ಪಮಟ್ಟಿನ ಉತ್ತರ ದೊರೆಯುತ್ತದೆ.

1889ರಲ್ಲಿ ಜನಿಸಿದ ಚಾಪ್ಲಿನ್ ಅವರು ಲಂಡನ್ನಿನ ಬಡ ಕೇರಿಗಳಲ್ಲಿ ಬೆಳೆದರು. ತಂದೆತಾಯಿಗಳಿಬ್ಬರೂ ರಂಗದ ಹಾಡುಗಾರರು. ತಂದೆ ಮದ್ಯಕ್ಕೆ ವಶರಾಗಿ ಸಂಸಾರದಿಂದ ದೂರವಾದರು. ಏಳನೆಯ ವಯಸ್ಸಿನಲ್ಲಿ ಬಾಲಕ ಚಾರ್ಲಿ, ತಾಯಿ ಹ್ಯಾನಾ ಮತ್ತು ಅಣ್ಣ ಸಿಡ್ನಿಯರೊಡನೆ ನಿರ್ಗತಿಕರ ಆಶ್ರಯಗೃಹವನ್ನು ಸೇರಬೇಕಾಯಿತು. ಅಲ್ಲಿ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿದರು. 1901ರಲ್ಲಿ ತಂದೆ ತೀರಿಕೊಂಡರು. 1903ರಲ್ಲಿ ತಾಯಿಯ ಮಾನಸಿಕ ಸ್ವಾಸ್ಥ್ಯ ಕೆಟ್ಟಾಗ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದವನು ಹದಿನಾಲ್ಕು ವರ್ಷದ ಚಾರ್ಲಿಯೇ.

ಮುಂದೆ ಅಮೆರಿಕಕ್ಕೆ ತೆರಳಿ, ಹಾಲಿವುಡ್ಡಿನಲ್ಲಿ ಸ್ವಂತ ಸ್ಟುಡಿಯೋ ಕಟ್ಟುವಷ್ಟು ಕೀರ್ತಿಯನ್ನೂ ಹಣವನ್ನೂ ಅವರು ಗಳಿಸಿದರು. 1918ರಲ್ಲಿ ಮಿಲ್ಡ್ರೆಡ್ ಹ್ಯಾರಿಸ್ ಎಂಬ ಎಳೆಯ ನಟಿಯನ್ನು ವರಿಸಿದರು. 1919ರ ಜುಲೈ 7ರಂದು ಜನಿಸಿದ ಅವರ ಚೊಚ್ಚಲ ಗಂಡುಮಗು ನಾರ್ಮನ್, ಅಂಗವೈಕಲ್ಯದಿಂದಾಗಿ ಮೂರೇ ದಿನ ಬದುಕಿತು. ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಿದುದು ಪುಟ್ಟ ಇಲಿ ಎಂಬ ಅರ್ಥದ ಮುದ್ದಿನ ಹೆಸರನ್ನು.

ಮಗುವನ್ನು ಮಣ್ಣುಮಾಡಿ ಕೆಲವೇ ದಿನಗಳಲ್ಲಿ ಚಾಪ್ಲಿನ್ ಅವರು ಸ್ಟುಡಿಯೋಕ್ಕೆ ಮರಳಿದರು. ಹೊಸ ಚಿತ್ರಕ್ಕಾಗಿ ಎಳೆಯ ಮಕ್ಕಳನ್ನು ಕರೆಸಿ ನೋಡತೊಡಗಿದರು. ರಂಗದ ಮೇಲೆ ಕಂಡಿದ್ದ ನಾಲ್ಕು ವರ್ಷದ ಜಾಕಿ ಕೂಗನ್‌ನನ್ನು ಮುಖ್ಯ ಪಾತ್ರಕ್ಕೆ ಆರಿಸಿಕೊಂಡರು. 1921ರಲ್ಲಿ ತೆರೆಕಂಡ ‘ದಿ ಕಿಡ್’ ಹೀಗೆ ರೂಪುಗೊಂಡಿತು. ಕಿಟಕಿಗೆ ಗಾಜು ಕೂರಿಸಿ ಬದುಕುವ ಅಲೆಮಾರಿಯೊಬ್ಬನು, ಬೀದಿಯಲ್ಲಿ ದೊರೆತ ಶಿಶುವನ್ನು ತನ್ನದೆಂದೇ ಸಾಕುತ್ತಾನೆ. ಅಧಿಕಾರಿಗಳು ಹುಡುಗನನ್ನು ಅನಾಥಾಲಯಕ್ಕೆ ಎಳೆದೊಯ್ಯುವಾಗ ಛಾವಣಿಯಿಂದ ಛಾವಣಿಗೆ ಓಡಿ ಅವನನ್ನು ಬಿಡಿಸಿಕೊಳ್ಳುತ್ತಾನೆ. ತನ್ನ ಬಾಲ್ಯದಲ್ಲಿ ಯಾರೂ ತಡೆಯಲಾರದೆ ಹೋದ ಅಗಲಿಕೆಯನ್ನೂ, ತಾನು ಉಳಿಸಿಕೊಳ್ಳಲಾಗದ ಮಗುವನ್ನೂ ಚಾಪ್ಲಿನ್ ಅವರು ಈ ಚಿತ್ರದಲ್ಲಿ ಎದುರುಗೊಂಡರೆಂದೇ ನಮಗೆ ತೋರುತ್ತದೆ. ಅವರು ದುಃಖವನ್ನು ಮರೆಯಲು ದುಡಿಯಲಿಲ್ಲ, ದುಃಖವನ್ನೇ ದುಡಿಮೆಯ ಸಾಮಗ್ರಿಯಾಗಿಸಿಕೊಂಡರು.

ಆದರೆ ಇದೇ ಕಥೆಗೆ ಮತ್ತೊಂದು ಮುಖವಿದೆ. ಅದೇ ಮಗುವನ್ನು ಹೆತ್ತು ಕಳೆದುಕೊಂಡ ಮಿಲ್ಡ್ರೆಡ್ ಅವರಿಗೆ ಆಗಿನ್ನೂ ಹದಿನೇಳು ವರ್ಷ. ಪತಿಗೆ ಆಸರೆಯಾದ ಕೆಲಸ ಪತ್ನಿಯ ಪಾಲಿಗೆ ಆಸರೆಯಾಗಲಿಲ್ಲ. 1920ರಲ್ಲಿ ದಾಂಪತ್ಯವು ವಿಚ್ಛೇದನದಲ್ಲಿ ಮುಗಿಯಿತು. ಆ ವ್ಯಾಜ್ಯದಲ್ಲಿ ಚಿತ್ರವು ಜಪ್ತಿಯಾದೀತೆಂದು ಹೆದರಿ, ಸುರುಳಿಗಳನ್ನು ಸಾಲ್ಟ್ ಲೇಕ್ ಸಿಟಿಗೆ ಗುಟ್ಟಾಗಿ ಸಾಗಿಸಿ, ಹೋಟೆಲಿನ ಕೋಣೆಯಲ್ಲಿ ಸಂಕಲನ ಮಾಡಬೇಕಾಯಿತು. ಚಿತ್ರ ಉಳಿಯಿತು, ಮನೆ ಉಳಿಯಲಿಲ್ಲ.

1928ರ ಆಗಸ್ಟಿನಲ್ಲಿ ತಾಯಿ ಹ್ಯಾನಾ ಕ್ಯಾಲಿಫೋರ್ನಿಯಾದಲ್ಲಿ ಕೊನೆಯುಸಿರೆಳೆದರು. ಆ ವರ್ಷದ ಕೊನೆಗೆ ಚಾಪ್ಲಿನ್ ಅವರು ‘ಸಿಟಿ ಲೈಟ್ಸ್’ ಚಿತ್ರೀಕರಣವನ್ನು ಆರಂಭಿಸಿದರು. ಕುರುಡಿಯಾದ ಹೂವಾಡಗಿತ್ತಿಯ ಒಂದು ದೃಶ್ಯವನ್ನೇ ನೂರಾರು ಬಾರಿ ತೆಗೆದರು. ಕರುಣೆಯೇ ತುಂಬಿರುವ ಆ ಚಿತ್ರ 1931ರಲ್ಲಿ ತೆರೆಕಂಡಿತು. 1977ರಲ್ಲಿ ನಿಧನರಾಗುವವರೆಗೂ ಅವರು ಹೊಸ ಕಥೆಯ ಚಿಂತನೆಯನ್ನು ಬಿಡಲಿಲ್ಲ.

ಶರಣರ ಮನೆಗಳಲ್ಲಿ ಕಾಯಕವು ಸತಿಪತಿಗಳಿಬ್ಬರಿಗೂ ಸೇರಿದ್ದಾಗಿತ್ತು. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ತಡೆದು ತಿದ್ದಿದರು, ಪತಿಯು ಆ ಮಾತಿಗೆ ಕಿವಿಗೊಟ್ಟರು. ಶೋಕದ ಕಾಲಕ್ಕೂ ಇದು ಸಲ್ಲುವ ನೀತಿ. ಅಗಲಿಕೆಯ ನೋವನ್ನು ಹೊತ್ತು ಅಂಗಡಿಗೆ, ಹೊಲಕ್ಕೆ, ಕಚೇರಿಗೆ ಮರಳುವುದು ತಪ್ಪಲ್ಲ. ಅದು ಬದುಕನ್ನು ಮತ್ತೆ ಹಿಡಿದೆತ್ತುವ ದಾರಿ. ಆದರೆ ಅದೇ ನೋವನ್ನು ಉಂಡವರು ಮನೆಯಲ್ಲಿ ಒಂಟಿಯಾಗಿ ಉಳಿಯದಂತೆ ನೋಡಿಕೊಳ್ಳುವುದೂ ಕಾಯಕವೇ. ಸದ್ಭಕ್ತರು ಈ ಎರಡನ್ನೂ ಒಟ್ಟಿಗೆ ನಡೆಸಲೆಂಬುದು ನಮ್ಮ ಹಾರೈಕೆ.