ಬಾಬಿ ಜೋನ್ಸ್: ಸಿಡುಕಿನಿಂದ ಸಮಚಿತ್ತದೆಡೆಗೆ

ಗಾಲ್ಫ್ ಆಟದ ಇತಿಹಾಸದಲ್ಲಿ ಅಮೆರಿಕದ ಬಾಬಿ ಜೋನ್ಸ್ (1902–1971) ಅವರ ಸ್ಥಾನ ವಿಶಿಷ್ಟವಾದುದು. ಹಣಕ್ಕಾಗಿ ಆಡದ ಹವ್ಯಾಸಿಯಾಗಿ ಉಳಿದುಕೊಂಡೇ ಅವರು 1923ರಿಂದ 1930ರವರೆಗೆ 13 ಪ್ರಮುಖ ಪ್ರಶಸ್ತಿಗಳನ್ನು ಗೆದ್ದರು. 28ನೆಯ ವಯಸ್ಸಿಗೆ ಸ್ಪರ್ಧೆಯಿಂದ ನಿವೃತ್ತರಾದರು. ವೈದ್ಯನಾದ ನನ್ನನ್ನು ಈ ಅಂಕಿಗಳಿಗಿಂತ ಹೆಚ್ಚಾಗಿ ಸೆಳೆಯುವುದು ಇನ್ನೊಂದು ಸಂಗತಿ. ಒತ್ತಡದ ನಡುವೆ ಮನಸ್ಸನ್ನು ಕೈಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿ ಅವರಿಗೆ ಹುಟ್ಟಿನಿಂದ ಬಂದುದಲ್ಲ. ಅದನ್ನು ಅವರು ಸೋಲುಗಳ ಮೂಲಕ ಕಲಿತರು, ಕಲಿತುದಕ್ಕೆ ಬೆಲೆಯನ್ನೂ ತೆತ್ತರು.

ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ 1902ರ ಮಾರ್ಚ್ 17ರಂದು ಜನಿಸಿದ ಬಾಬಿ ಜೀರ್ಣಾಂಗದ ತೊಂದರೆಯಿಂದ ನರಳುತ್ತಿದ್ದ ನಿಶ್ಶಕ್ತ ಮಗು. ಕುಟುಂಬವು ಬೇಸಿಗೆಯನ್ನು ಕಳೆಯುತ್ತಿದ್ದ ಈಸ್ಟ್ ಲೇಕ್‌ನ ಗಾಲ್ಫ್ ಮೈದಾನವೇ ಅವನ ಆಟದ ಅಂಗಳವಾಯಿತು. ಸ್ಕಾಟ್ಲೆಂಡಿನ ಕಾರ್ನೂಸ್ಟಿಯಿಂದ ಬಂದಿದ್ದ ವೃತ್ತಿಪರ ಆಟಗಾರ ಸ್ಟೂವರ್ಟ್ ಮೇಡನ್ ಅವರ ಹಿಂದೆ ಹಿಂದೆ ಸುತ್ತುತ್ತ, ಅವರ ಹೊಡೆತವನ್ನು ಅನುಕರಿಸುತ್ತಲೇ ಹುಡುಗ ಆಟ ಕಲಿತ. 1916ರಲ್ಲಿ, ಕೇವಲ 14ನೆಯ ವಯಸ್ಸಿನಲ್ಲಿ, ಮೇರಿಯನ್‌ನಲ್ಲಿ ನಡೆದ ಅಮೆರಿಕದ ಹವ್ಯಾಸಿ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್ ತಲುಪಿದ. ಪ್ರತಿಭೆಯ ಜೊತೆಗೆ ಸಿಡುಕೂ ಬೆಳೆದಿತ್ತು. ಹೊಡೆತ ತಪ್ಪಿದರೆ ಕ್ಲಬ್ಬನ್ನೇ ಎಸೆಯುವುದು ಅವನ ಅಭ್ಯಾಸವಾಗಿತ್ತು.

ಆ ಸಿಡುಕು 1921ರಲ್ಲಿ ತುತ್ತತುದಿಗೇರಿತು. ಸೇಂಟ್ ಆಂಡ್ರೂಸ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನ ಮೂರನೆಯ ಸುತ್ತಿನಲ್ಲಿ 19ರ ಜೋನ್ಸ್ ಮೊದಲ ಒಂಬತ್ತು ಹೋಲ್‌ಗಳಿಗೇ 46 ಹೊಡೆತಗಳನ್ನು ವ್ಯಯಿಸಿದರು. ಹನ್ನೊಂದನೆಯ ಹೋಲ್‌ನಲ್ಲಿ ಚೆಂಡು ಮರಳುಗುಂಡಿಯಲ್ಲಿ ಸಿಕ್ಕಿಬಿದ್ದಾಗ ಸಹನೆ ಕಳೆದುಕೊಂಡು ಚೆಂಡನ್ನು ಕೈಗೆತ್ತಿಕೊಂಡು ಸ್ಪರ್ಧೆಯಿಂದಲೇ ಹೊರಬಿದ್ದರು. ಅದೇ ವರ್ಷ ಅಮೆರಿಕದಲ್ಲಿ ಅವರು ಎಸೆದ ಕ್ಲಬ್ ಪ್ರೇಕ್ಷಕಿಯೊಬ್ಬರ ಕಾಲಿಗೆ ತಗುಲಿತು. ನಡತೆ ತಿದ್ದಿಕೊಳ್ಳದಿದ್ದರೆ ಮುಂದೆ ಆಡಲು ಅವಕಾಶವಿಲ್ಲವೆಂದು ಅಮೆರಿಕದ ಗಾಲ್ಫ್ ಸಂಸ್ಥೆ ಎಚ್ಚರಿಸಿತು. 1916ರಿಂದ 1922ರವರೆಗಿನ ಏಳು ವರ್ಷಗಳಲ್ಲಿ ಅವರಿಗೆ ಒಂದೇ ಒಂದು ಪ್ರಮುಖ ಪ್ರಶಸ್ತಿಯೂ ದಕ್ಕಲಿಲ್ಲ.

ಗಾಲ್ಫ್ ಆಡದ ಓದುಗರಿಗೆ ಇಲ್ಲೊಂದು ವಿವರಣೆ ಅಗತ್ಯ. ಕ್ರಿಕೆಟ್ಟಿನಲ್ಲಿ ಚೆಂಡು ನಮ್ಮತ್ತ ಧಾವಿಸಿ ಬರುತ್ತದೆ, ಯೋಚಿಸಲು ಪುರಸೊತ್ತಿಲ್ಲ. ಗಾಲ್ಫ್‌ನಲ್ಲಿ ಚೆಂಡು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ. ಒಂದು ಹೊಡೆತಕ್ಕೆ ಎರಡು ಸೆಕೆಂಡೂ ಹಿಡಿಯದು. ಉಳಿದ ಗಂಟೆಗಟ್ಟಲೆ ಕಾಲ ನಡಿಗೆ, ಕಾಯುವಿಕೆ ಮತ್ತು ಚಿಂತೆ. ಆತಂಕಗೊಂಡ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ಬೆರಳುಗಳು ನಸುವಾಗಿ ನಡುಗುತ್ತವೆ, ಅರಿವಿಲ್ಲದೆಯೇ ಹಿಡಿತ ಬಿಗಿಯಾಗುತ್ತದೆ. ಓಡಲು ಅಥವಾ ಹೋರಾಡಲು ನೆರವಾಗುವ ಈ ಸಿದ್ಧತೆಯೇ ನಾಲ್ಕು ಅಡಿ ದೂರದ ಕುಳಿಗೆ ಚೆಂಡನ್ನು ಮೆಲ್ಲಗೆ ತಳ್ಳಬೇಕಾದಾಗ ಶತ್ರುವಾಗುತ್ತದೆ.

ಇದಕ್ಕೆ ಜೋನ್ಸ್ ಕಂಡುಕೊಂಡ ಉಪಾಯ ಸರಳವಾದುದು. ನುರಿತ ಆಟಗಾರನಿಗೆ ಪ್ರತಿಯೊಂದು ಹೋಲ್‌ಗೂ ಇಷ್ಟು ಹೊಡೆತ ಸಾಕೆಂಬ ಲೆಕ್ಕವಿದೆ; ಅದನ್ನು ಪಾರ್ ಎನ್ನುತ್ತಾರೆ. ಎದುರಾಳಿಯನ್ನು ಮರೆತು, ಈ ಪಾರ್ ಅನ್ನೇ ತನ್ನ ಪ್ರತಿಸ್ಪರ್ಧಿಯೆಂದು ಅವರು ಭಾವಿಸತೊಡಗಿದರು. ಪಾರ್ ಎಂಬ ಆ ವೃದ್ಧ ಎಂದೂ ಪವಾಡ ಮಾಡುವುದಿಲ್ಲ, ಎಂದೂ ಎಡವುವುದಿಲ್ಲ, ಯಾರನ್ನೂ ಕೆಣಕುವುದೂ ಇಲ್ಲ. ಅವನೊಡನೆ ಆಡುವವನಿಗೆ ಕೋಪಿಸಿಕೊಳ್ಳಲು ಯಾರೂ ಉಳಿಯುವುದಿಲ್ಲ. ಗಮನವನ್ನು ಫಲಿತಾಂಶದಿಂದ ಮುಂದಿನ ಒಂದು ಹೊಡೆತಕ್ಕೆ ತಿರುಗಿಸುವ ಈ ಕ್ರಮವನ್ನೇ ಇಂದು ಮನಶ್ಶಾಸ್ತ್ರಜ್ಞರು ಕ್ರೀಡಾಪಟುಗಳಿಗೆ ಕಲಿಸುತ್ತಾರೆ.

1923ರ ಯು.ಎಸ್. ಓಪನ್ ಇದರ ಪರೀಕ್ಷೆಯಾಯಿತು. ನ್ಯೂಯಾರ್ಕ್ ಸಮೀಪದ ಇನ್‌ವುಡ್‌ನಲ್ಲಿ, ಗೆಲುವು ಕೈಗೆಟುಕಿದ್ದಾಗ, ಕೊನೆಯ ಮೂರು ಹೋಲ್‌ಗಳಲ್ಲಿ ಜೋನ್ಸ್ ತಡವರಿಸಿದರು. ಬಾಬಿ ಕ್ರೂಕ್‌ಶಾಂಕ್ ಸರಿಸಮನಾದರು. ಮರುದಿನದ ನಿರ್ಣಾಯಕ ಸುತ್ತಿನಲ್ಲೂ 17 ಹೋಲ್‌ಗಳ ನಂತರ ಇಬ್ಬರೂ ಸಮಸಮ. ಹದಿನೆಂಟನೆಯದರಲ್ಲಿ ಜೋನ್ಸ್‌ರ ಚೆಂಡು ಹುಲ್ಲುಹಾಸಿನಿಂದಾಚೆ ಬಿದ್ದಿತ್ತು, ಮುಂದೆ ನೀರಿತ್ತು. ಅವರು ಹಿಂದೆಮುಂದೆ ನೋಡದೆ ಕ್ಲಬ್ ಎತ್ತಿ ಹೊಡೆದರು. ಚೆಂಡು ನೀರು ದಾಟಿ ಕುಳಿಯ ಸಮೀಪವೇ ನಿಂತಿತು; ಏಳು ವರ್ಷಗಳ ಬರ ಕೊನೆಗೊಂಡಿತು. ಹಿಂದಿನ ದಿನದ ಎಡವಟ್ಟನ್ನು ಮನಸ್ಸಿನಿಂದ ಕೆಳಗಿಳಿಸದವನಿಗೆ ಆ ವೇಗ ಸಾಧ್ಯವಿರಲಿಲ್ಲ.

1925ರಲ್ಲಿ ವೂಸ್ಟರ್‌ನಲ್ಲಿ ನಡೆದ ಯು.ಎಸ್. ಓಪನ್‌ನಲ್ಲಿ, ಕ್ಲಬ್ ಊರುವಾಗ ಚೆಂಡು ತುಸುವೇ ಅಲುಗಿತೆಂದು ತಾವೇ ಹೇಳಿ ದಂಡದ ಹೊಡೆತವನ್ನು ಲೆಕ್ಕಕ್ಕೆ ಸೇರಿಸಿಕೊಂಡರು. ಬೇರಾರೂ ಅದನ್ನು ಕಂಡಿರಲಿಲ್ಲ. ಆ ಒಂದು ಹೊಡೆತದಿಂದಾಗಿ ಪಂದ್ಯ ಸಮವಾಗಿ, ನಿರ್ಣಾಯಕ ಆಟದಲ್ಲಿ ವಿಲಿ ಮ್ಯಾಕ್‌ಫಾರ್ಲೇನ್‌ಗೆ ಸೋತರು. 1930ರಲ್ಲಿ ಸೇಂಟ್ ಆಂಡ್ರೂಸ್, ಹಾಯ್‌ಲೇಕ್, ಇಂಟರ್‌ಲಾಕನ್ ಮತ್ತು ಮೇರಿಯನ್‌ಗಳಲ್ಲಿ ಬ್ರಿಟನ್ ಹಾಗೂ ಅಮೆರಿಕದ ಓಪನ್ ಮತ್ತು ಹವ್ಯಾಸಿ ಪ್ರಶಸ್ತಿಗಳು ನಾಲ್ಕೂ ಅವರದಾದವು.

ಇಂಥವರನ್ನು ಸ್ಥಿತಪ್ರಜ್ಞರೆಂದು ಕರೆಯಲು ಮನಸ್ಸಾಗುವುದು ಸಹಜ. ಆದರೆ ನಾನು ಆ ಪದವನ್ನು ಬಳಸಲಾರೆ. ಪಂದ್ಯಾವಳಿಯ ದಿನಗಳಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದೇ ವಾರದಲ್ಲಿ ಹಲವಾರು ಪೌಂಡು ತೂಕ ಇಳಿಯುತ್ತಿತ್ತು. ಹೊರಗೆ ಕಂಡ ಶಾಂತಿಯ ಕೆಳಗೆ ದೇಹ ಕುದಿಯುತ್ತಿತ್ತು. ರೋಗಿಗಳಿಗೂ ಕಿರಿಯ ವೈದ್ಯರಿಗೂ ನಾನು ಇದನ್ನೇ ಹೇಳಬಯಸುತ್ತೇನೆ: ಕೈ ನಡುಗಿತೆಂದರೆ ಮನಸ್ಸು ಸೋತಿತೆಂದಲ್ಲ. ಆತಂಕವನ್ನು ಅಳಿಸುವುದು ಬೇರೆ, ಆತಂಕವಿದ್ದಾಗಲೂ ಗಮನವನ್ನು ಕೆಲಸದಲ್ಲಿ ನೆಡುವುದು ಬೇರೆ. ಜೋನ್ಸ್‌ಗೆ ಸಿದ್ಧಿಸಿದ್ದು ಎರಡನೆಯದು. ದೇಹ ತೆರುತ್ತಿದ್ದ ಬೆಲೆಯನ್ನು ಅರಿತೇ ಅವರು ಕೀರ್ತಿಯ ಶಿಖರದಲ್ಲಿ ಆಟ ಬಿಟ್ಟು ವಕೀಲಿ ವೃತ್ತಿಗೆ ಮರಳಿದರೆಂದು ನನ್ನ ಎಣಿಕೆ. ಮುಂದೆ, ವೈದ್ಯ ಪದವೀಧರರೇ ಆಗಿದ್ದ ವಿನ್ಯಾಸಕಾರ ಅಲಿಸ್ಟರ್ ಮೆಕೆಂಜಿ ಅವರೊಡನೆ ಆಗಸ್ಟಾ ನ್ಯಾಷನಲ್ ಮೈದಾನವನ್ನು ರೂಪಿಸಿದರು. ಮಾಸ್ಟರ್ಸ್ ಪಂದ್ಯಾವಳಿ 1934ರಲ್ಲಿ ಅಲ್ಲಿಯೇ ಆರಂಭವಾಯಿತು.

1948ರ ಹೊತ್ತಿಗೆ ಅವರ ಕೈಕಾಲುಗಳು ಶಕ್ತಿಗುಂದತೊಡಗಿದವು. ಎರಡು ಶಸ್ತ್ರಚಿಕಿತ್ಸೆಗಳು ಫಲಿಸಲಿಲ್ಲ. ಕೊನೆಗೆ ಪತ್ತೆಯಾದದ್ದು ಸಿರಿಂಗೋಮೈಲಿಯಾ. ಬೆನ್ನುಹುರಿಯೊಳಗೆ ದ್ರವ ತುಂಬಿದ ಟೊಳ್ಳು ಬೆಳೆದು ನರಗಳನ್ನು ಅದುಮುವ, ಸ್ನಾಯುಗಳನ್ನು ಸೊರಗಿಸುವ ಕಾಯಿಲೆಯಿದು. ಆಟದ ಒತ್ತಡಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ತಪ್ಪಾದೀತು. ಸಮಚಿತ್ತದಿಂದ ಇದು ವಾಸಿಯಾಗುವುದೂ ಇಲ್ಲ. ಊರುಗೋಲು, ಕಾಲಿನ ಪಟ್ಟಿ, ಗಾಲಿಕುರ್ಚಿ ಎಂದು ವರ್ಷಗಳು ಸರಿದಂತೆ ಜೋನ್ಸ್ ತಮ್ಮ ವ್ಯಾಧಿಯನ್ನು ಸಾರ್ವಜನಿಕ ಗೋಳಾಗಿಸದೆ ಬದುಕಿದರು.

1958ರಲ್ಲಿ ಸೇಂಟ್ ಆಂಡ್ರೂಸ್ ಪಟ್ಟಣವು ಅವರಿಗೆ ಗೌರವ ಪೌರತ್ವವನ್ನಿತ್ತಿತು. ಬೆಂಜಮಿನ್ ಫ್ರಾಂಕ್ಲಿನ್ ಬಳಿಕ ಈ ಮನ್ನಣೆ ಪಡೆದ ಮೊದಲ ಅಮೆರಿಕನ್ನರು ಅವರು. ತಾಳ್ಮೆಗೆಟ್ಟು ಚೆಂಡೆತ್ತಿಕೊಂಡು ಹೊರನಡೆದಿದ್ದ ಊರಿನ ಸಭೆಯಲ್ಲಿ, ನಿಲ್ಲಲೂ ಕಷ್ಟಪಡುತ್ತಿದ್ದ 56ರ ಜೋನ್ಸ್ ಕೃತಜ್ಞತೆಯ ಮಾತುಗಳನ್ನಾಡಿದರು. 1971ರ ಡಿಸೆಂಬರ್ 18ರಂದು ಅಟ್ಲಾಂಟಾದಲ್ಲಿ ಅವರು ನಿಧನರಾದರು.