ವಿಷವನ್ನು ಪ್ರಶ್ನಿಸಿದ ಕ್ಲಾಡ್ ಬರ್ನಾರ್ಡ್

ಅತಿಯಾದರೆ ಅಮೃತವೂ ವಿಷವೆಂಬುದು ನಮ್ಮ ಜನ ಬಲ್ಲ ಮಾತು. ಮಿತಿಯರಿತು ಕೊಟ್ಟರೆ ವಿಷವೂ ಮದ್ದಾಗುವುದೆಂಬುದನ್ನು ಎಲ್ಲ ದೇಶಗಳ ಹಳೆಯ ವೈದ್ಯರೂ ಅರಿತಿದ್ದರು. ಆದರೆ ಮೈಯೊಳಗೆ ಸೇರಿದ ವಸ್ತು ಯಾವ ಅಂಗವನ್ನು ಮುಟ್ಟುತ್ತದೆ, ಯಾವುದನ್ನು ಮುಟ್ಟದೆ ಬಿಡುತ್ತದೆ ಎಂದು ಪ್ರಯೋಗದ ಮೂಲಕ ಕೇಳಿ ಉತ್ತರ ಪಡೆದವರು ವಿರಳ. ಎಷ್ಟು ಎಂಬ ಪ್ರಶ್ನೆಯ ಪಕ್ಕದಲ್ಲಿ ಎಲ್ಲಿ ಎಂಬ ಪ್ರಶ್ನೆಯನ್ನು ನಿಲ್ಲಿಸಿದವರಲ್ಲಿ ಫ್ರಾನ್ಸ್ ದೇಶದ ಕ್ಲಾಡ್ ಬರ್ನಾರ್ಡನು ಅಗ್ರಗಣ್ಯ. ಸಾಹಿತ್ಯಪ್ರಿಯರ ಮುಂದೆ ಅವನ ಕಥೆಯನ್ನು ಇಡಲು ನನಗೆ ಇನ್ನೊಂದು ಕಾರಣವೂ ಉಂಟು. ಅವನು ವಿಜ್ಞಾನಿಯಾಗಲು ಮನೆ ಬಿಟ್ಟವನಲ್ಲ, ನಾಟಕಕಾರನಾಗಲು ಬಿಟ್ಟವನು.

ಅವನು ಹುಟ್ಟಿದ್ದು 1813ರ ಜುಲೈ 12ರಂದು, ಲಿಯಾನ್ ನಗರದ ಉತ್ತರಕ್ಕಿರುವ ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ. ತಂದೆ ದ್ರಾಕ್ಷಿಯ ಬೆಳೆಗಾರ, ಮನೆಯಲ್ಲಿ ಸಿರಿಯಿರಲಿಲ್ಲ. ಓದು ಅರ್ಧಕ್ಕೆ ನಿಂತು, 1832ರಲ್ಲಿ ಲಿಯಾನಿನ ಔಷಧದ ಅಂಗಡಿಯೊಂದರಲ್ಲಿ ಅವನು ಕೆಲಸ ಕಲಿಯಲು ಸೇರಿದನು. ಆ ಅಂಗಡಿಯಲ್ಲಿ ಬಹಳವಾಗಿ ಮಾರಾಟವಾಗುತ್ತಿದ್ದದ್ದು ಥೀರಿಯಕ್ ಎಂಬ ಲೇಹ. ಸರ್ವರೋಗಗಳಿಗೂ ಮದ್ದೆಂದು ಯೂರೋಪು ಶತಮಾನಗಳಿಂದ ನಂಬಿದ್ದ ಈ ಲೇಹದಲ್ಲಿ ಹತ್ತಾರು ದ್ರವ್ಯಗಳು ಕೂಡಿರುತ್ತಿದ್ದವು. ಆ ಅಂಗಡಿಯಲ್ಲಿ ಕೆಟ್ಟುಹೋದ, ಉಳಿದುಹೋದ ಮದ್ದುಗಳನ್ನೆಲ್ಲ ಅದರ ಭರಣಿಗೇ ಸುರಿಯುತ್ತಿದ್ದರೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಮಾರುವವನಿಗೆ ಅದರಲ್ಲಿ ಏನಿದೆಯೆಂಬುದು ತಿಳಿಯದು. ಸೇವಿಸುವವನಿಗೆ ಅದು ಏನು ಮಾಡುವುದೆಂಬುದು ತಿಳಿಯದು. ಔಷಧಗಳ ವಿಷಯದಲ್ಲಿ ಬರ್ನಾರ್ಡನಿಗೆ ಜೀವಮಾನವೆಲ್ಲ ಇದ್ದ ಸಂದೇಹದ ಬೇರು ಈ ಭರಣಿಯಲ್ಲೇ ಇದ್ದಿತೆಂದು ನನ್ನ ಎಣಿಕೆ.

ಬಿಡುವಿನ ಹೊತ್ತಿನಲ್ಲಿ ತರುಣನು ಒಂದು ಲಘು ಪ್ರಹಸನವನ್ನು ಬರೆದನು. ಅದು ಲಿಯಾನಿನ ರಂಗಮಂದಿರವೊಂದರಲ್ಲಿ ಮೆಚ್ಚುಗೆ ಪಡೆಯಿತು. ಉತ್ಸಾಹಗೊಂಡು ಐದು ಅಂಕಗಳ ಐತಿಹಾಸಿಕ ನಾಟಕವೊಂದನ್ನು ರಚಿಸಿ, ಹಸ್ತಪ್ರತಿಯೊಡನೆ 1834ರಲ್ಲಿ ಪ್ಯಾರಿಸಿಗೆ ಬಂದು, ಸೇಂಟ್ ಮಾರ್ಕ್ ಗಿರಾರ್ಡಿನ್ ಎಂಬ ಪ್ರಸಿದ್ಧ ವಿಮರ್ಶಕನ ಮುಂದೆ ಇಟ್ಟನು. ಔಷಧದ ಕೆಲಸ ಬಲ್ಲವನು ವೈದ್ಯವನ್ನು ಕಲಿತು ಹೊಟ್ಟೆ ಹೊರೆಯಲಿ, ಕಾವ್ಯಕ್ಕೆ ಬಿಡುವಿನ ವೇಳೆ ಸಾಕು ಎಂದು ಆ ಹಿರಿಯನು ಬುದ್ಧಿ ಹೇಳಿದನು. ಆ ನಾಟಕ ಅಚ್ಚಾದದ್ದು ಬರ್ನಾರ್ಡನು ತೀರಿದ ಮೇಲೆ, 1887ರಲ್ಲಿ. ಇಂದು ಅದನ್ನು ನೆನೆಯುವವರು ಕರ್ತೃವಿನ ಸಲುವಾಗಿ ನೆನೆಯುತ್ತಾರೆಯೇ ಹೊರತು ಕೃತಿಯ ಸಲುವಾಗಿ ಅಲ್ಲ.

ವೈದ್ಯ ವಿದ್ಯಾರ್ಥಿಯಾಗಿಯೂ ಅವನು ಮಿಂಚಲಿಲ್ಲ. 1839ರಲ್ಲಿ ಆಸ್ಪತ್ರೆಯ ಸೇವೆಗೆ ಆಯ್ಕೆಯಾದ 29 ಮಂದಿಯಲ್ಲಿ ಅವನದು 26ನೆಯ ಸ್ಥಾನ. ಆದರೆ ಮಾಜೆಂಡಿ ಎಂಬ ಶರೀರವಿಜ್ಞಾನಿಯ ಕಣ್ಣು ಅವನ ಕೈಚಳಕದ ಮೇಲೆ ಬಿದ್ದಿತು. 1841ರಲ್ಲಿ ಬರ್ನಾರ್ಡನು ಆ ಗುರುವಿನ ಪ್ರಯೋಗಶಾಲೆಯ ಸಹಾಯಕನಾದನು. 1843ರಲ್ಲಿ ವೈದ್ಯ ಪದವಿ ಬಂದಿತು. ಮರುವರ್ಷ ಅಧ್ಯಾಪಕ ಹುದ್ದೆಯ ಪರೀಕ್ಷೆಯಲ್ಲಿ ಸೋಲಾಯಿತು. ಸಂಶೋಧನೆಯನ್ನು ಕೈಬಿಡುವ ಸ್ಥಿತಿಯಲ್ಲಿದ್ದವನು 1845ರಲ್ಲಿ ಪ್ಯಾರಿಸಿನ ವೈದ್ಯನೊಬ್ಬನ ಮಗಳನ್ನು ಮದುವೆಯಾದನು. ಆಕೆ ತಂದ ವರದಕ್ಷಿಣೆಯ ಹಣ ಅವನ ಪ್ರಯೋಗಗಳಿಗೆ ಆಧಾರವಾಯಿತು.

ಆ ವೇಳೆಗಾಗಲೇ ಪೆಲೂಸ್ ಎಂಬ ರಸಾಯನವಿಜ್ಞಾನಿ ಅವನಿಗೆ ಕ್ಯುರಾರೆ ಎಂಬ ವಿಷವನ್ನು ಕೊಟ್ಟಿದ್ದನು. ದಕ್ಷಿಣ ಅಮೆರಿಕದ ಕಾಡಿನ ಜನ ಬಾಣದ ಮೊನೆಗೆ ಸವರುವ ವಿಷವಿದು. ಇದು ತಾಗಿದ ಪ್ರಾಣಿ ಒದ್ದಾಡದೆ, ಕೂಗದೆ, ನಿದ್ದೆಹೋದಂತೆ ಒರಗಿ ಸಾಯುತ್ತದೆ. ನೋಡಿದವರು ಇದನ್ನು ಸುಖಮರಣವೆಂದು ತಿಳಿದಿದ್ದರು.

ಬರ್ನಾರ್ಡನು ಕಪ್ಪೆಯ ಹಿಂಗಾಲಿಗೆ ರಕ್ತ ಹರಿಯದಂತೆ ದಾರದಿಂದ ಬಿಗಿದು, ನರವನ್ನು ಮಾತ್ರ ಕಟ್ಟಿಗೆ ಸಿಕ್ಕದಂತೆ ಬಿಟ್ಟನು. ಅನಂತರ ಬೆನ್ನಿನ ಚರ್ಮದಡಿ ವಿಷವನ್ನಿಟ್ಟನು. ಮೈಯೆಲ್ಲ ಜಡವಾಯಿತು, ವಿಷದ ರಕ್ತ ತಲಪದ ಆ ಕಾಲಿನಲ್ಲಿ ಮಾತ್ರ ಚಲನೆ ಉಳಿಯಿತು. ಜಡವಾದ ಬೆನ್ನನ್ನು ಚಿವುಟಿದರೆ ಈ ಕಾಲು ಥಟ್ಟನೆ ಮಡಚಿಕೊಳ್ಳುತ್ತಿದ್ದಿತು. ಎಂದರೆ ನೋವಿನ ಸುದ್ದಿಯನ್ನು ಒಯ್ಯುವ ನರಗಳು ಕೆಟ್ಟಿರಲಿಲ್ಲ. ವಿಷ ತಾಗಿದ ಸ್ನಾಯುವಿಗೆ ನೇರವಾಗಿ ವಿದ್ಯುತ್ತು ಹಾಯಿಸಿದರೆ ಅದು ಸಂಕೋಚಗೊಳ್ಳುತ್ತಿದ್ದಿತು. ಅದರ ನರಕ್ಕೆ ಹಾಯಿಸಿದರೆ ಅಲುಗುತ್ತಿರಲಿಲ್ಲ. ಆದ್ದರಿಂದ ಕೆಟ್ಟದ್ದು ಸ್ನಾಯುವೂ ಅಲ್ಲ. ಆಜ್ಞೆಯನ್ನು ಒಯ್ಯುವ ನರ, ಅದೂ ಸ್ನಾಯುವನ್ನು ಸೇರುವ ತುದಿಯಲ್ಲಿ, ಕೆಲಸ ನಿಲ್ಲಿಸಿತ್ತು. ಉಸಿರಾಟದ ಸ್ನಾಯುಗಳೂ ನಿಲ್ಲುವುದರಿಂದ ಪ್ರಾಣಿ ಸಾಯುತ್ತದೆ. ಕೃತಕವಾಗಿ ಉಸಿರೂಡಿದರೆ ವಿಷದ ಪ್ರಭಾವ ಇಳಿದ ಮೇಲೆ ಬದುಕಿಕೊಳ್ಳುತ್ತದೆ.

ಇದೇ ರೀತಿಯಲ್ಲಿ ಅವನು ಇದ್ದಲಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನೂ ಪ್ರಶ್ನಿಸಿದನು. ಅದರಿಂದ ಸತ್ತ ಪ್ರಾಣಿಯ ರಕ್ತ ಎಲ್ಲೆಡೆಯೂ ಕೆಂಪಾಗಿಯೇ ಇರುವುದನ್ನು ಕಂಡು, ಆ ಅನಿಲವು ರಕ್ತಕಣಗಳಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆಂದು ತೋರಿಸಿದನು. ವಿಷಗಳ ಮತ್ತು ಔಷಧಗಳ ಪರಿಣಾಮವನ್ನು ಕುರಿತ ಅವನ ಉಪನ್ಯಾಸಗಳು 1857ರಲ್ಲಿ ಗ್ರಂಥರೂಪವಾಗಿ ಹೊರಬಂದವು. ಅವನ ಕೈಯಲ್ಲಿ ವಿಷವು ಯಾವ ಶಸ್ತ್ರವೂ ಸೀಳಲಾರದಷ್ಟು ನಯವಾಗಿ ಶರೀರವನ್ನು ಬಿಡಿಸಿ ತೋರಿಸುವ ಸಾಧನವಾಯಿತು.

ಆದರೆ ಈ ಜ್ಞಾನಕ್ಕೆ ತೆತ್ತ ಬೆಲೆಯನ್ನು ಮರೆಮಾಚಿ ಚರಿತ್ರೆ ಬರೆಯುವುದು ನ್ಯಾಯವಲ್ಲ. ಈಥರಿನಿಂದ ನೋವು ಮರೆಸುವ ವಿಧಾನ ಪ್ರಸಿದ್ಧಿಗೆ ಬಂದದ್ದೇ 1846ರಲ್ಲಿ; ಅದಕ್ಕೆ ಮುಂಚಿನ ಅವನ ಪ್ರಯೋಗಗಳೆಲ್ಲ ಎಚ್ಚರವಿದ್ದ ಪ್ರಾಣಿಗಳ ಮೇಲೆ ನಡೆದವು. ಕ್ಯುರಾರೆಯ ಸಾವು ಸುಖಮರಣವಲ್ಲ, ಅಲುಗಲಾರದ ದೇಹದೊಳಗೆ ಅರಿವು ಮತ್ತು ನೋವು ಎಚ್ಚರವಾಗಿಯೇ ಉಳಿಯುತ್ತವೆ ಎಂದು 1864ರ ಲೇಖನವೊಂದರಲ್ಲಿ ಲೋಕಕ್ಕೆ ತಿಳಿಸಿದವನು ಅವನೇ. ಪ್ರಾಣಿಗಳನ್ನು ಅಲುಗದಂತೆ ಮಾಡಲು ಅದೇ ಕ್ಯುರಾರೆಯನ್ನು ಬಳಸಿದ ವಿಜ್ಞಾನಿಗಳಲ್ಲಿ ಅವನೂ ಒಬ್ಬ. ಇಂಗ್ಲೆಂಡು 1876ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಗೆ ಕಟ್ಟುಪಾಡು ವಿಧಿಸಿ ಶಾಸನ ಮಾಡಿದಾಗ, ಕ್ಯುರಾರೆಯನ್ನು ನೋವು ಮರೆಸುವ ಮದ್ದೆಂದು ಎಣಿಸಕೂಡದೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿತು. ಮನೆಯಲ್ಲಿಯೂ ಈ ವಿವಾದ ಹೊಗೆಯಾಡಿತು. ಯಾರ ಹಣದಿಂದ ಪ್ರಯೋಗಗಳು ಸಾಗಿದ್ದವೋ ಆ ಪತ್ನಿಯೇ ಅವುಗಳನ್ನು ಸಹಿಸದಾದಳು. 1870ರಲ್ಲಿ ದಂಪತಿಗಳು ನ್ಯಾಯರೀತ್ಯಾ ಬೇರೆಯಾದರು. ಹೆಣ್ಣುಮಕ್ಕಳು ತಾಯಿಯ ಪಕ್ಷ ವಹಿಸಿದರು. ಆಕೆಯನ್ನು ಗಯ್ಯಾಳಿಯೆಂದು ಚಿತ್ರಿಸಿದ ಚರಿತ್ರಕಾರರುಂಟು. ನಾನು ಹಾಗೆ ಬರೆಯಲಾರೆ. ಆಕೆ ಎತ್ತಿದ ಆಕ್ಷೇಪಣೆಗೆ ಇಂದಿನ ಪ್ರಯೋಗಶಾಲೆಗಳೂ ನಿಯಮಗಳ ಮೂಲಕ ಉತ್ತರ ಕೊಡಬೇಕಾಗಿದೆ.

1860ರ ನಂತರ ಬರ್ನಾರ್ಡನ ಆರೋಗ್ಯ ಕೆಟ್ಟಿತು. ಥಂಡಿ ಹಿಡಿದ ಪ್ರಯೋಗಶಾಲೆಯಿಂದ ಹುಟ್ಟೂರಿನ ದ್ರಾಕ್ಷಿತೋಟಕ್ಕೆ ಮರಳಿ, ವಿಶ್ರಾಂತಿಯಲ್ಲಿ ಪ್ರಾಯೋಗಿಕ ವೈದ್ಯದ ತತ್ತ್ವವನ್ನು ಕುರಿತ ಗ್ರಂಥವೊಂದನ್ನು ಬರೆದನು. 1865ರಲ್ಲಿ ಪ್ರಕಟವಾದ ಆ ಪುಸ್ತಕದ ತಿಳಿಯಾದ ಗದ್ಯ ಅವನಿಗೆ 1868ರಲ್ಲಿ ಫ್ರೆಂಚ್ ಅಕಾಡೆಮಿಯ ಬಾಗಿಲನ್ನು ತೆರೆಯಿತು. ನಾಟಕ ಕೊಡದ ಸಾಹಿತ್ಯ ಗೌರವವನ್ನು ವಿಜ್ಞಾನ ಕೊಟ್ಟಿತು. ಕಾದಂಬರಿಕಾರ ಜೋಲಾ 1880ರಲ್ಲಿ ತನ್ನ ಕಾದಂಬರಿ ಸಿದ್ಧಾಂತವನ್ನು ಈ ಗ್ರಂಥದ ಮೇಲೆಯೇ ಕಟ್ಟಿದನು. ಅದೇ ಕಾಲದಲ್ಲಿ ದಸ್ತಯೇವ್‌ಸ್ಕಿಯ ಕರಮಜೋವ್ ಸೋದರರ ಕಥೆಯಲ್ಲಿ ಬರ್ನಾರ್ಡನ ಹೆಸರು ಬೈಗುಳದಂತೆ ಬಂದಿತು.

1878ರ ಫೆಬ್ರವರಿ 10ರಂದು ಅವನು ತೀರಿಕೊಂಡಾಗ ಫ್ರಾನ್ಸ್ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಸಿತು. ಆ ದೇಶದಲ್ಲಿ ವಿಜ್ಞಾನಿಯೊಬ್ಬನಿಗೆ ಅಂಥ ಮರ್ಯಾದೆ ಸಂದದ್ದು ಅದೇ ಮೊದಲು.

1942ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಗ್ರಿಫಿತ್ ಮತ್ತು ಜಾನ್ಸನ್ ಎಂಬ ವೈದ್ಯರು ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಸ್ನಾಯುಗಳನ್ನು ಸಡಿಲಿಸಲು ಕ್ಯುರಾರೆಯನ್ನು ಕೊಟ್ಟರು. ಇಂದಿನ ಶಸ್ತ್ರಚಿಕಿತ್ಸೆಯಲ್ಲಿ ಅದೇ ಬಗೆಯ ಬೇರೆ ಮದ್ದುಗಳು ನಿತ್ಯದ ಬಳಕೆಯಲ್ಲಿವೆ. ಅವುಗಳನ್ನು ಕೊಡುವ ವೈದ್ಯನು ಉಸಿರಾಟದ ಭಾರವನ್ನು ತಾನೇ ಹೊರುತ್ತಾನೆ. ಅಲುಗದೆ ಮಲಗಿರುವ ರೋಗಿಯ ಅರಿವೂ ನಿಜವಾಗಿ ಮಲಗಿದೆಯೇ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಾನೆ. ಮೈಯ ಮೌನವನ್ನು ನೆಮ್ಮದಿಯೆಂದು ನಂಬಬಾರದೆಂಬ ಆ ಎಚ್ಚರವನ್ನು ಕಲಿಸಿದ್ದು ಬರ್ನಾರ್ಡನ ಮೇಜಿನ ಮೇಲಿದ್ದ ಮೂಕಪ್ರಾಣಿ. ಅವನಿಗೆ ನಾವು ಸಲ್ಲಿಸುವ ಗೌರವದಲ್ಲಿ ಅದಕ್ಕೂ ಒಂದು ಪಾಲು ಸಲ್ಲಬೇಕು.